ಬೂದು ಬುದ್ಧಿಯ ಕ್ಯಾಮೆರಾ

ನನ್ನ ಕ್ಯಾಮೆರಾಕ್ಕೆ ಕಪ್ಪೂ ಆಗಿಬರುವುದಿಲ್ಲ, ಬಿಳುಪೂ ಆಗಿಬರುವುದಿಲ್ಲ. ಎದುರಿಗಿರುವುದೆಲ್ಲ ಶೇ. 18ರಷ್ಟು ಬೆಳಕನ್ನು ಹಿಂದಿರುಗಿಸುವ ನಡುಬೂದು ವಸ್ತು ಎಂದು ಅದರ ಹೊಟ್ಟೆಯೊಳಗಿನ ಬೆಳಕಿನ ಮಾಪಕ ಮೊದಲೇ ತೀರ್ಮಾನಿಸಿಕೊಂಡಿರುತ್ತದೆ. ಬೇರೆ ಜಿಲ್ಲೆಗಳಲ್ಲಿ ಇದು ನಡೆಯುತ್ತದೋ ಏನೋ, ಉತ್ತರ ಕನ್ನಡದಲ್ಲಿ ನಡೆಯುವುದಿಲ್ಲ.

ಸಾಣಿಕಟ್ಟಾದ ಆಗರದಲ್ಲಿ ಬೆಳ್ಳಗೆ ಹೊಳೆಯುತ್ತಿದ್ದ ಉಪ್ಪಿನ ರಾಶಿಯ ಚಿತ್ರ ತೆಗೆದೆ. ಭಾವ ನೋಡಿ, ‘ಸಿಮೆಂಟಿಗೆ ಈಗ ಚೀಲಕ್ಕೆ ಎಷ್ಟಂತೆ ಮಾರಾಯ?’ ಎಂದರು. ಯಾಣದ 120 ಮೀಟರ್ ಎತ್ತರದ ಭೈರವೇಶ್ವರ ಶಿಖರದ ಪಾಡು ತಿರುಗುಮುರುಗು. ಚೌಕಟ್ಟಿನ ತುಂಬ ಕರಿಬಂಡೆಯೇ ಇದ್ದುದರಿಂದ ಮಾಪಕ ಬೆಳಕು ಸಾಲದೆಂದು ಗಾಬರಿಬಿದ್ದು ಧಾರಾಳವಾಗಿ ಸುರಿದಿತ್ತು. ‘ಬಂಡೆಗೂ ಸುಣ್ಣ ಬಳಿದರೇ?’ ಎಂದು ಅತ್ತೆ ಬೇಸರಪಟ್ಟುಕೊಂಡರು.

ಇದಕ್ಕೆ ಮದ್ದು ಪ್ಲಸ್-ಮೈನಸ್ ಗುರುತಿನ ಪುಟ್ಟ ಗುಂಡಿ. ಬಿಳಿಯದಕ್ಕೆ ಪ್ಲಸ್, ಕರಿಯದಕ್ಕೆ ಮೈನಸ್. ಒಂದು ಸ್ಟಾಪ್, ಅಂದರೆ ಗುಂಡಿಯ ಲೆಕ್ಕದಲ್ಲಿ ಒಂದು ಮೆಟ್ಟಿಲು, ಏರಿಸಿದರೆ ಬೆಳಕು ಇಮ್ಮಡಿ, ಇಳಿಸಿದರೆ ಅರ್ಧ. ಭಾವ ಒಪ್ಪಲಿಲ್ಲ. ‘ಉಪ್ಪಿನ ಮೇಲೆ ಮೊದಲೇ ಕಣ್ಣು ಬಿಡಲಾಗದ ಬಿಸಿಲು. ಅದಕ್ಕೆ ಇನ್ನಷ್ಟು ಬೆಳಕೇ?’ ಕ್ಯಾಮೆರಾ ಕೊಟ್ಟು, ನೀವೇ ಪರೀಕ್ಷಿಸಿ ಎಂದೆ. ಅವರು ಪ್ಲಸ್ ಎರಡಕ್ಕೆ ತಿರುಗಿಸಿ ಪರೀಕ್ಷಿಸಿದರು. ಉಪ್ಪು ಉಪ್ಪಿನಂತೆಯೇ ಬಂತು. ಆ ಸಂತೋಷದಲ್ಲಿ ಗುಂಡಿಯನ್ನು ಸೊನ್ನೆಗೆ ತರದೆ, ಅಂದು ರಾತ್ರಿ ಕ್ಯಾಮೆರಾವನ್ನು ಹೊನ್ನಾವರದ ಕಡೆಯ ಬಯಲಾಟಕ್ಕೆ ಹೆಗಲೇರಿಸಿಕೊಂಡು ಹೋದರು.

ನನ್ನ ಕ್ಯಾಮೆರಾ ಆರಿಸಿಟ್ಟರೂ ಈ ಲೆಕ್ಕವನ್ನು ಮರೆಯುವುದಿಲ್ಲ. ದಿನಾಂಕವನ್ನು ಮಾತ್ರ ಬ್ಯಾಟರಿ ಬದಲಿಸಿದಾಗಲೆಲ್ಲ ಮರೆಯುತ್ತದೆ, ಅದು ಬೇರೆ ಮಾತು.

ರಂಗಸ್ಥಳದ ಹಿಂದೆ ಗವ್ವೆನ್ನುವ ಕತ್ತಲೆ, ಮುಂದೆ ದೀಪದ ಬೆಳಕಿನಲ್ಲಿ ಕೌರವ. ಮೈನಸ್ ಬೇಕಾದ ಜಾಗ. ಕತ್ತಲೆಯನ್ನು ಬೂದು ಮಾಡಲು ಮಾಪಕ ತಾನೇ ಹೆಣಗುತ್ತಿರುವಾಗ, ಅದರ ಮೇಲೆ ಭಾವನ ನಾಲ್ಕು ಪಟ್ಟು ಬೆಳಕು. ಕಲಾವಿದರು ತಾಸುಗಟ್ಟಲೆ ಕುಳಿತು ಬರೆದುಕೊಂಡ ಮುಖವರ್ಣಿಕೆ ಅಳಿಸಿಹೋಗಿ ಮೀಸೆಯೊಂದೇ ಉಳಿದಿತ್ತು. ನಾನು ಅಪರ್ಚರ್ ಪ್ರಯಾರಿಟಿಯಲ್ಲಿ, ಅಂದರೆ ಬೆಳಕಿನ ಕಿಂಡಿಯ ಅಗಲವನ್ನು ನಾವು ಗೊತ್ತುಮಾಡಿ ಶಟರ್ ತೆರೆದಿರುವ ಹೊತ್ತನ್ನು ಕ್ಯಾಮೆರಾಕ್ಕೇ ಬಿಡುವ ಕ್ರಮದಲ್ಲಿ, ಇಟ್ಟಿದ್ದೆನಾದ್ದರಿಂದ ಶಟರ್ ಕೂಡ ನಾಲ್ಕು ಪಟ್ಟು ಹೊತ್ತು ಬಾಯಿ ತೆರೆದುಕೊಂಡಿತ್ತು. ಗಿರಕಿ ಹೊಡೆಯುವ ಕೌರವನಿಗೆ ಕೈಕಾಲುಗಳೇ ಇರಲಿಲ್ಲ. ಕೆಂಪು-ಹಳದಿಯ ಸುಳಿಯ ನಡುವೆ ಆ ಮೀಸೆ ಅಡ್ಡಲಾಗಿ ಎಳೆದುಕೊಂಡು ಹೋಗಿತ್ತು.

ಅಳಿಸಿಬಿಡೋಣವೆಂದರೆ ಭಾವ ಕೇಳಬೇಕಲ್ಲ! ಬೆಳಗಾಗುವುದರೊಳಗೆ ಅದನ್ನು ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ, ‘ಕೌರವನ ಆವೇಶ’ ಎಂದು ಶೀರ್ಷಿಕೆ ಕೊಟ್ಟಿದ್ದರು. ಮೈನಸ್ ಒಂದರಲ್ಲಿ ಮತ್ತೆ ತೆಗೆದ ನನ್ನ ಯಾಣದ ಚಿತ್ರವನ್ನು ತಿಂಗಳಿಂದ ತಿರುಗಿಯೂ ನೋಡದ ಬಂಧುಗಳೆಲ್ಲ ಚಪ್ಪಾಳೆ ಒತ್ತಿದರು. ನನ್ನ ಹೆಂಡತಿ ಹೃದಯವನ್ನೇ ಒತ್ತಿದಳು. ಮುಂದಿನ ತಿಂಗಳ ಉಪನಯನಕ್ಕೆ ಫೋಟೊ ತೆಗೆಯುವ ಕೆಲಸ ಈಗ ಭಾವನದು; ಕ್ಯಾಮೆರಾ ಮಾತ್ರ ನನ್ನದೇ ಬೇಕಂತೆ.