ರಫೇಲಿನ ಗಾಲಿಗೆ ಇಂಡಿಯ ಲಿಂಬೆ

ಮಹಾನವಮಿ ಸಮೀಪಿಸಿದೊಡನೆ ವಿಜಯಪುರದ ಮಾರುಕಟ್ಟೆಯಲ್ಲಿ ಲಿಂಬೆಹಣ್ಣಿನ ದರ ಏರುತ್ತದೆ. ಅದರ ಬೆನ್ನಿಗೇ 2019ರ ಆ ಹಳೆಯ ಫೋಟೊ ಮೊಬೈಲಿನಿಂದ ಮೊಬೈಲಿಗೆ ಮತ್ತೆ ಹರಿದಾಡತೊಡಗುತ್ತದೆ. ಅಕ್ಟೋಬರ್ 8ರ ವಿಜಯದಶಮಿ, ಫ್ರಾನ್ಸಿನ ಮೆರಿನ್ಯಾಕ್, ಭಾರತ ಕೊಂಡ ರಫೇಲ್ ಯುದ್ಧವಿಮಾನದ ಮೈಮೇಲೆ ರಕ್ಷಣಾ ಸಚಿವರು ಬರೆದ ಓಂಕಾರ, ಹೂವು, ತೆಂಗಿನಕಾಯಿ, ಗಾಲಿಯ ಕೆಳಗೆ ಲಿಂಬೆಹಣ್ಣು: ಓದುಗರಿಗೆ ಬಿಡಿಸಿ ಹೇಳಬೇಕಾದ್ದೇನೂ ಇಲ್ಲ. ಇದು ಸಂಸ್ಕೃತಿಯೋ ಮೌಢ್ಯವೋ ಎಂದು ದೇಶವೆಲ್ಲ ಜಗಳಕ್ಕೆ ಬಿದ್ದಿದ್ದಾಗ ನಮ್ಮ ಜಿಲ್ಲೆಯವರ ಚಿಂತೆ ಒಂದೇ ಆಗಿತ್ತು: ಆ ಹಣ್ಣು ನಮ್ಮ ಇಂಡಿ ತಾಲ್ಲೂಕಿನದು ಹೌದೋ ಅಲ್ಲವೋ? ಇಂಡಿ ಲಿಂಬೆಗೆ ಈಗ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿರುವುದರಿಂದ, ಇನ್ನು ಮುಂದಿನ ರಕ್ಷಣಾ ಖರೀದಿಯ ಟೆಂಡರಿನಲ್ಲಿ ರಸದ ಪ್ರಮಾಣ ಮತ್ತು ಸಿಪ್ಪೆಯ ದಪ್ಪವನ್ನು ಸ್ಪಷ್ಟವಾಗಿ ನಮೂದಿಸಿ, ಬೀಜವಿಲ್ಲದ ಪರದೇಶದ ಲಿಂಬೆಯನ್ನು ಅನರ್ಹಗೊಳಿಸಬೇಕೆಂದು ಈ ಅಂಕಣಕಾರನು ವಿನಯಪೂರ್ವಕವಾಗಿ ಕೋರುತ್ತಾನೆ.

ನಗಬೇಡಿ. 126 ಯುದ್ಧವಿಮಾನಗಳಿಗಾಗಿ ಟೆಂಡರು ಕರೆದದ್ದು 2007ರಲ್ಲಿ; ಒಪ್ಪಂದಕ್ಕೆ ಸಹಿ ಬಿದ್ದದ್ದು 2016ರಲ್ಲಿ, ಅದೂ 36 ರಫೇಲಿಗೆ. ಆ ಇಡೀ ವ್ಯವಹಾರದಲ್ಲಿ ಬೇಕೆಂದ ಹೊತ್ತಿಗೆ, ಬೇಕೆಂದಷ್ಟೇ ಸಂಖ್ಯೆಯಲ್ಲಿ ಒದಗಿ ಬಂದ ಸಾಮಗ್ರಿಯೆಂದರೆ ಲಿಂಬೆಹಣ್ಣೊಂದೇ.

ಸಂಪ್ರದಾಯವನ್ನು ಹಿಡಿಯುವುದಾದರೆ ಪೂರ್ತಿ ಹಿಡಿಯಬೇಕು. ಅಜ್ಞಾತವಾಸಕ್ಕೆ ಹೊರಟ ಪಾಂಡವರು ಆಯುಧಗಳನ್ನು ಬನ್ನಿಮರದಲ್ಲಿ ಇಟ್ಟದ್ದು ನಮಗೆಲ್ಲ ಗೊತ್ತು; ಹೇಗೆ ಇಟ್ಟರೆಂಬುದನ್ನು ಮರೆತಿದ್ದೇವೆ. ಅವರು ಸ್ಮಶಾನದ ಬಳಿಯ, ಹತ್ತಲು ಕಷ್ಟವಾದ ಮರವನ್ನೇ ಆರಿಸಿದರು. ಮಳೆಯ ಹನಿ ತಾಗದ ಎಡೆಯನ್ನು ಹುಡುಕಿ ಬಿಲ್ಲುಗಳನ್ನು ಬಿಗಿದು ಕಟ್ಟಿದರು. ನಾತಕ್ಕೆ ಯಾರೂ ಹತ್ತಿರ ಸುಳಿಯಬಾರದೆಂದು ಕೊಂಬೆಗೆ ಒಂದು ಹೆಣವನ್ನೂ ತೂಗುಹಾಕಿದರು. ಇಷ್ಟು ಸಾಲದೆಂಬಂತೆ, ಎದುರಾದ ದನಗಾಹಿಗಳಿಗೆ, ಇದು ನೂರೆಂಬತ್ತು ವರ್ಷ ಬಾಳಿದ ನಮ್ಮ ತಾಯಿಯ ಹೆಣ, ಹೀಗೆ ಮರಕ್ಕೆ ಕಟ್ಟುವುದು ನಮ್ಮ ಕುಲದ ಪದ್ಧತಿ ಎಂದು ಹಸಿ ಸುಳ್ಳನ್ನು ಹೇಳಿ ಮುಂದೆ ನಡೆದರು. ಗಮನಿಸಿ: ಅವರು ಕುಲಪದ್ಧತಿಯನ್ನೇ ಆಯುಧಗಳ ಕಾವಲಿಗೆ ನಿಲ್ಲಿಸಿದ್ದರು. ಅವರ ವಾರಸುದಾರರಾದ ನಾವು ಅದೇ ಮರದ ಎಲೆಯನ್ನು ಹಂಚಿಕೊಂಡು ‘ಬನ್ನಿ ತಗೊಂಡು ಬಂಗಾರದಂಗ ಇರೋಣು’ ಎನ್ನುತ್ತೇವೆ; ಮರುದಿನ ಯಾರೋ ಫೋನು ಮಾಡಿ ಕೇಳಿದರೆ ಒಟಿಪಿಯನ್ನೂ ಅಷ್ಟೇ ಸೌಜನ್ಯದಿಂದ ಹಂಚಿಕೊಳ್ಳುತ್ತೇವೆ.

ನಮ್ಮ ಊರಿನ ಬುರುಜಿನ ಮೇಲೆ ಮಲಗಿರುವ ಮಲಿಕ್-ಎ-ಮೈದಾನ್ ತೋಪು ಈ ವಿಷಯದಲ್ಲಿ ಹಿರಿಯ ಸಾಕ್ಷಿ. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದ, ಸುಮಾರು 55 ಟನ್ ತೂಕದ ಈ ತೋಪು ಅಂದಿನ ಕಾಲಕ್ಕೆ ಅತ್ಯಾಧುನಿಕ ಯಂತ್ರ. ಹೊಯ್ದವನು ತುರ್ಕಿಯ ಕಡೆಯ ಕುಶಲಕರ್ಮಿ. ಅದರ ಬಾಯಿಗೆ ಆನೆಯನ್ನು ಅಗಿಯುವ ಸಿಂಹದ ಮುಖವನ್ನೂ ಕೆತ್ತಿದರು. ಅಲಂಕಾರವೂ ಇತ್ತು, ಮದ್ದೂ ಇತ್ತು. ಒಂದರ ಬದಲಿಗೆ ಇನ್ನೊಂದಿರಲಿಲ್ಲ. 1854ರಲ್ಲಿ ಅದನ್ನು ಹರಾಜಿಗಿಟ್ಟಾಗ ಬಂದ ಬೆಲೆ 150 ರೂಪಾಯಿ. ನಾಚಿಕೆಯಾಗಿಯೋ ಏನೋ ಹರಾಜನ್ನು ರದ್ದುಮಾಡಿದರು. ಮೆಲ್ಲಗೆ ಬಡಿದರೆ ಗಂಟೆಯಂತೆ ನುಡಿಯುತ್ತದೆ ಎಂದು ಗೈಡುಗಳು ಹೇಳುವುದನ್ನು ಕೇಳಿ, ಬಂದವರೆಲ್ಲ ಒಮ್ಮೆ ಬಡಿದು ಹೋಗುತ್ತಾರೆ.

ಇನ್ನು ನಾನು ಕಣ್ಣಾರೆ ಕಂಡದ್ದು. ಖಂಡೇಪೂಜೆಯ, ಅಂದರೆ ಆಯುಧಪೂಜೆಯ ದಿನ ರಜೆಯಿರುವುದರಿಂದ ಹಿಂದಿನ ದಿನವೇ ಪೂಜೆ ಮುಗಿಸುವುದು ಕಚೇರಿಗಳ ರೂಢಿ. ಅಂಥದೊಂದು ಕಚೇರಿಗೆ ಹೋಗಿದ್ದೆ. ಕಂಪ್ಯೂಟರಿನ ಕೊರಳಿಗೆ ಚೆಂಡುಹೂವಿನ ಮಾಲೆ, ಕೀಬೋರ್ಡಿಗೆ ಮೂರು ಎಳೆ ವಿಭೂತಿ, ಯುಪಿಎಸ್ಸಿನ ಮೇಲೆ ಒಡೆದ ಕುಂಬಳಕಾಯಿ. ಪರದೆಯ ಮೂಲೆಯಲ್ಲಿ, ವೈರಸ್ ತಡೆಯುವ ತಂತ್ರಾಂಶದ ಅವಧಿ ಮುಗಿದಿದೆಯೆಂಬ ಸೂಚನೆ ಮಾಲೆಯ ಸಂದಿಯಿಂದ ಇಣುಕುತ್ತಿತ್ತು. ಪರದೆಯ ಅಂಚಿಗೆ ಅಂಟಿಸಿದ ಹಳದಿ ಚೀಟಿಯಲ್ಲಿ ಪಾಸ್‌ವರ್ಡು ದಪ್ಪಕ್ಷರದಲ್ಲಿತ್ತು, ಕೊನೆಗೆ 123. ಅದರ ಪಕ್ಕಕ್ಕೂ ಒಂದು ಕುಂಕುಮದ ಬೊಟ್ಟು ಬಿದ್ದಿತ್ತು.

ಇದು ಸಣ್ಣ ಊರಿನ ಸಣ್ಣ ಕಚೇರಿಯ ಮಾತು ಎಂದು ಬಿಡುವಂತಿಲ್ಲ. ಮೆರಿನ್ಯಾಕ್‌ನಲ್ಲಿ ಲಿಂಬೆ ಇಟ್ಟ ಅದೇ ತಿಂಗಳ ಕೊನೆಯಲ್ಲಿ, ಕೂಡಂಕುಳಂ ಅಣುವಿದ್ಯುತ್ ಸ್ಥಾವರದವರು ಮೊದಲ ದಿನ ನಮ್ಮಲ್ಲಿ ಸೈಬರ್ ದಾಳಿ ಸಾಧ್ಯವೇ ಇಲ್ಲವೆಂದರು. ಮರುದಿನ ಅಣುವಿದ್ಯುತ್ ನಿಗಮವು ಆಡಳಿತದ ಜಾಲದ ಒಂದು ಕಂಪ್ಯೂಟರಿಗೆ ಕುತಂತ್ರಾಂಶ ಹೊಕ್ಕಿದ್ದು ನಿಜವೆಂದು ಒಪ್ಪಿಕೊಂಡಿತು. ಸ್ಥಾವರವನ್ನು ನಡೆಸುವ ವ್ಯವಸ್ಥೆಗೆ ಅದು ತಾಗಲಿಲ್ಲವೆಂಬುದು ಸಮಾಧಾನ. ಆ ಸುದ್ದಿಯ ಮೇಲೆ ಎಷ್ಟು ದಿನ ಜಗಳವಾಯಿತು? ಲಿಂಬೆಯ ಮೇಲೆ ಆದಷ್ಟಂತೂ ಆಗಲಿಲ್ಲ.

ನನಗೆ ಲಿಂಬೆಹಣ್ಣಿನ ಮೇಲೆ ಸಿಟ್ಟಿಲ್ಲ. ಬೆಳಗಾವಿಯ ಮರಾಠಾ ರೆಜಿಮೆಂಟಿನ ಹುಡುಗ ಶಿವಾಜಿ ಮಹಾರಾಜರಿಗೆ ಜೈ ಎಂದು ಮುನ್ನುಗ್ಗುತ್ತಾನೆ. ಆ ಕೂಗು ಅವನ ಎದೆಗೆ ಬೇಕು, ಯಾರೂ ಅದನ್ನು ಕಸಿಯಬಾರದು. ಆದರೆ ವಿಜಯಪುರದಲ್ಲಿ ಸೈನಿಕ ಶಾಲೆ ಆರಂಭವಾದ 1963ರಲ್ಲೇ ವಾಯುಪಡೆಗೆ ಬಂದ ಮಿಗ್-21 ಯುದ್ಧವಿಮಾನ ನಿವೃತ್ತಿಯಾದದ್ದು 2025ರ ಸೆಪ್ಟೆಂಬರ್ 26ಕ್ಕೆ, ನವರಾತ್ರಿಯ ನಡುವೆ. ಅದರ ಜಾಗಕ್ಕೆಂದು 1983ರಲ್ಲಿ ಮಂಜೂರಾದ ಸ್ವದೇಶಿ ವಿಮಾನ ತೇಜಸ್‌ನ ಮೊದಲ ತುಕಡಿ ಸಿದ್ಧವಾದದ್ದು 2016ರಲ್ಲಿ. ಅಷ್ಟು ವರ್ಷ ಅಜ್ಜನ ಕಾಲದ ಯಂತ್ರದಲ್ಲಿ ಮೊಮ್ಮಕ್ಕಳ ವಯಸ್ಸಿನವರನ್ನು ಕೂಡಿಸಿ ಹಾರಿಸಿದೆವು; ಕೆಲವರು ಮರಳಿ ಬರಲಿಲ್ಲ. ಅವರ ವಿಮಾನಗಳಿಗೂ ವರ್ಷವರ್ಷ ಪೂಜೆಯಾಗಿತ್ತು. ಇದನ್ನು ಬರೆದು ಬರೆದು ಬೇಸರವಾಗಿದೆ.

ಆ ಕಚೇರಿಯ ಬಾಗಿಲ ಮೇಲಿನ ಸಿಸಿಟಿವಿ ಕ್ಯಾಮರಾಕ್ಕೂ ಪೂಜೆಯಾಗಿತ್ತು; ಸರಿಯಾಗಿ ಕಣ್ಣಿನ ನಡುವೆ, ಹೆಬ್ಬೆರಳಿನಷ್ಟು ಗಾತ್ರದ ಗಂಧ, ಅದರ ಮೇಲೆ ಕುಂಕುಮ. ಒಳಗಿನ ಟಿವಿಯಲ್ಲಿ ಬಂದುಹೋಗುವವರೆಲ್ಲ ಕೆಂಪು ಮೋಡದಂತೆ ಕಾಣುತ್ತಿದ್ದರು. ಒರೆಸಬಾರದೇ ಎಂದು ಸಿಪಾಯಿಯನ್ನು ಕೇಳಿದೆ.

“ಪೂಜಿ ಮಾಡಿದ್ದನ್ನ ಹಂಗ ಒರಸಬಾರದ್ರೀ ಸರ,” ಎಂದ. “ದೀಪಾವಳಿ ಅಮಾಸಿಗೆ ಒರಸಿ, ಹೊಸಾದು ಹಚ್ತೀವಿ.”