ಪೊಲೀಸ್ ಸಾಲ್ತಿಲ್ಲ, ಸರಿ. ಅವರ ತಪ್ಪಿಗೆ ದಂಡ ಯಾರು ಕಟ್ತಿದಾರೆ?

ಪೊಲೀಸರ ವಿಷಯ ಎತ್ತಿದ್ರೆ ಸಾಕು, ಜನ ಎರಡು ಗುಂಪಾಗ್ತಾರೆ. ಒಂದು ಗುಂಪು "ಸಿಬ್ಬಂದಿನೇ ಇಲ್ಲ, ಇರೋ ನಾಲ್ಕು ಜನಾನ ಬೈಬೇಡಿ" ಅನ್ನತ್ತೆ, ಇನ್ನೊಂದು "ಮೊದ್ಲು ಹೊಡೆಯೋದು ನಿಲ್ಸಿ, ಆಮೇಲೆ ದುಡ್ಡು ಕೇಳಿ" ಅನ್ನತ್ತೆ. ನನ್ ಪ್ರಕಾರ ಎರಡೂ ಒಂದೇ ಬಜೆಟ್ಟಿನ ಜಗಳ, ಬೇರೆ ಬೇರೆ ಮಾಡಿ ಇಟ್ಟಿರೋದ್ರಿಂದ್ಲೇ ಯಾವ್ದೂ ಬಗೆಹರಿತಿಲ್ಲ.

ಮೂರ್ನಾಲ್ಕು ಲಕ್ಷ ಜನ ಇರೋ ಊರು ಅಂದ್ಕೊಳ್ಳಿ. ದೊಡ್ಡ ನಗರದ ತಲೆನೋವು ಎಲ್ಲಾ ಇರತ್ತೆ, ದೊಡ್ಡ ನಗರದ ಆದಾಯ ಇರಲ್ಲ. ಲಕ್ಷ ಜನಕ್ಕೆ ಇಷ್ಟು ಪೊಲೀಸ್ ಇರ್ಬೇಕು ಅಂತ ಒಂದು ನಂಬರ್ ಹಿಡ್ಕೊಂಡು ಎಲ್ರೂ ಮಾತಾಡ್ತಾರೆ, ಆದ್ರೆ ಪೊಲೀಸ್ ಮುಖ್ಯಸ್ಥರದ್ದೇ ಅಂತಾರಾಷ್ಟ್ರೀಯ ಸಂಘ ಐಎಸಿಪಿ ಈ ಅನುಪಾತ ನೋಡ್ಕೊಂಡು ನೇಮಕಾತಿ ತೀರ್ಮಾನ ಮಾಡ್ಬೇಡಿ ಅನ್ನತ್ತೆ. ನೋಡ್ಬೇಕಾಗಿರೋದು ಗಂಟೆ ಲೆಕ್ಕ. ವಾರಕ್ಕೆ 168 ಗಂಟೆ, ಒಬ್ಬರ ಡ್ಯೂಟಿ ವಾರಕ್ಕೆ 40 ಗಂಟೆ ಅಂತಿಟ್ಕೊಂಡ್ರೆ ಒಂದು ಜಾಗದಲ್ಲಿ ಹಗಲೂ ರಾತ್ರಿ ಒಬ್ರು ಇರೋಕೆ ರಜೆ, ಕೋರ್ಟು, ಟ್ರೈನಿಂಗ್ ಎಲ್ಲಾ ಸೇರಿ ಹೆಚ್ಚುಕಮ್ಮಿ ಐದು ಜನ ಬೇಕು. ಅಂದ್ರೆ 10 ಹುದ್ದೆ ಖಾಲಿ ಇದ್ರೆ ಎರಡು ಕಡೆ ದಿನಪೂರ್ತಿ ಯಾರೂ ಇಲ್ಲ ಅಂತ ಅರ್ಥ. ಆ ಕೆಲ್ಸ ಇದ್ದವರ ತಲೆ ಮೇಲೆ ಬೀಳತ್ತೆ, ಡಬಲ್ ಡ್ಯೂಟಿ, ವಾರದ ರಜೆ ಇಲ್ಲ, ನಿದ್ದೆಗೆಟ್ಟು ಸಿಡುಕ್ತಿರೋನ ಕೈಲಿ ಲಾಠಿ. ಅಲ್ಲೀವರೆಗೂ ನಾನು ಮೊದಲ್ನೇ ಗುಂಪಿನ ಜೊತೆಗೇ ಇದೀನಿ.

ಆದ್ರೆ ಜನ ತಗೊಂಡು ಸುಮ್ನೆ ಜೀಪಲ್ಲಿ ಸುತ್ತಿಸಿದ್ರೆ ಏನೂ ಆಗಲ್ಲ. 1972-73ರಲ್ಲಿ ಅಮೆರಿಕದ ಕಾನ್ಸಾಸ್ ಸಿಟೀಲಿ 15 ಬೀಟ್ (ಗಸ್ತಿನ ಏರಿಯಾ) ತಗೊಂಡು, ಐದರಲ್ಲಿ ಗಸ್ತೇ ನಿಲ್ಸಿ, ಐದರಲ್ಲಿ ಎರಡು ಮೂರು ಪಟ್ಟು ಮಾಡಿ, ಇನ್ನೈದನ್ನ ಹಾಗೇ ಬಿಟ್ಟು ನೋಡಿದ್ರು. ಕ್ರೈಮಲ್ಲಿ ಹೇಳ್ಕೊಳ್ಳೋ ಅಂಥ ವ್ಯತ್ಯಾಸ ಬರ್ಲಿಲ್ಲ, ಮಜಾ ಅಂದ್ರೆ ಗಸ್ತು ನಿಂತಿದ್ದೇ ಜನಕ್ಕೆ ಸರಿಯಾಗಿ ಗೊತ್ತಾಗ್ಲಿಲ್ಲ. ಹಾಗಂತ ಪೊಲೀಸೇ ಬೇಡ ಅಂತಲ್ಲ, ಎಲ್ಲಿ ಗಲಾಟೆ ಆಗತ್ತೋ ಅಲ್ಲಿ ನಿಲ್ಸಿದ್ರೆ ಉಪಯೋಗ ಇದೆ ಅಂತ ಆಮೇಲಿನ ಅಧ್ಯಯನಗಳು ತೋರಿಸಿವೆ.

ಇಂಥ ಚರ್ಚೇಲಿ ಎಲ್ರೂ ಎಳ್ಕೊಂಡು ಬರೋ ಉದಾಹರಣೆ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಕ್ಯಾಮ್ಡೆನ್ ಊರು. "ಅಲ್ಲಿ ಪೊಲೀಸ್ ಇಲಾಖೇನೇ ಮುಚ್ಚಿದ್ರು, ಕ್ರೈಮ್ ಇಳೀತು" ಅಂತ ಫಾರ್ವರ್ಡ್ ಮಾಡೋರು ಅರ್ಧ ಕಥೆ ಹೇಳ್ತಾರೆ. 2011ರ ಜನವರೀಲಿ ದುಡ್ಡಿಲ್ಲ ಅಂತ ಹತ್ತಿರ ಹತ್ತಿರ ಅರ್ಧದಷ್ಟು ಪೊಲೀಸರನ್ನ ಮನೆಗೆ ಕಳಿಸಿದ್ರು. 2012ರಲ್ಲಿ 67 ಕೊಲೆ ಆಯ್ತು, ಎಂಬತ್ತು ಸಾವಿರ ಜನಾನೂ ಇಲ್ದಿರೋ ಊರಲ್ಲಿ! 2013ರಲ್ಲಿ ನಗರದ ಇಲಾಖೆ ಮುಚ್ಚಿ ಕೌಂಟಿ (ನಮ್ಮ ಜಿಲ್ಲೆ ಥರ) ಹೆಸರಲ್ಲಿ ಹೊಸದು ಕಟ್ಟಿದ್ರು, ಪೊಲೀಸ್ ಯೂನಿಯನ್ ಜೊತೆಗಿದ್ದ ಒಪ್ಪಂದ ಮುರಿದು ಸಂಬಳ ಇಳಿಸಿ ಮೊದಲಿಗಿಂತ ಜಾಸ್ತಿ ಜನಾನ ತಗೊಂಡ್ರು. ಹೌದು, ಜಾಸ್ತಿ ಜನ. ಶುರುವಲ್ಲಿ ಆ ಹೊಸಬರು ಸೈಕಲ್‌ಗೆ ಬೆಲ್ ಇಲ್ಲ ಅಂತೆಲ್ಲಾ ಕೇಸ್ ಹಾಕಿದ್ರು, ಬಲಪ್ರಯೋಗದ ದೂರೂ ಏರಿತ್ತು. ದೂರು ಇಳಿದಿದ್ದು ಟ್ರೈನಿಂಗ್ ಬದಲಾಯಿಸಿ ರೂಲ್ಸ್ ಬಿಗಿ ಮಾಡಿದ್ಮೇಲೆ. 2019ರ ನಿಯಮದ ಪ್ರಕಾರ ಜೊತೆಗಿರೋ ಪೊಲೀಸ್ ಮಿತಿ ಮೀರಿದ್ರೆ ತಡೀಬೇಕು, ಅದು ಇವನ ಡ್ಯೂಟಿ. ಜನಾನೂ ಬೇಕಿತ್ತು, ಅಂಕುಶಾನೂ ಬೇಕಿತ್ತು, ಎರಡು ಗುಂಪಿಗೂ ಇಷ್ಟ ಆಗದ ಕಥೆ ಇದು.

ಇನ್ನು ಅಮೆರಿಕದ್ದೇ ಮಿನಿಯಾಪೊಲಿಸ್ ನಗರ. 2020ರ ಮೇ ತಿಂಗಳಲ್ಲಿ ಜಾರ್ಜ್ ಫ್ಲಾಯ್ಡ್ ಅನ್ನೋ ಕಪ್ಪು ವರ್ಣೀಯ ಪೊಲೀಸರ ಕೈಲಿ ಸತ್ತಾಗ ಪೊಲೀಸರ ಮೊದಲ ಪ್ರಕಟಣೇಲಿ ಇದ್ದಿದ್ದು, ಪೊಲೀಸರ ಜೊತೆಗಿದ್ದಾಗ ಆರೋಗ್ಯ ಕೆಟ್ಟು ಸತ್ತ ಅಂತ. ಅಲ್ಲಿದ್ದ ಹುಡುಗಿ ಮೊಬೈಲ್ ಹಿಡೀದೆ ಹೋಗಿದ್ರೆ ಫೈಲು ಅಲ್ಲಿಗೇ ಮುಚ್ತಿತ್ತೇನೋ. ಕುತ್ತಿಗೆ ಮೇಲೆ ಮಂಡಿ ಇಟ್ಟ ಪೊಲೀಸ್ ಡೆರೆಕ್ ಶಾವಿನ್ ಮೇಲೆ ಅದಕ್ಕೂ ಮುಂಚೆ ಕನಿಷ್ಠ 17 ದೂರಿದ್ವು, ಬಹುತೇಕ ಎಲ್ಲಾ ಕ್ರಮ ಇಲ್ದೇ ಮುಗ್ದಿದ್ವು. 2021ರಲ್ಲಿ ನಗರ ಆ ಕುಟುಂಬಕ್ಕೆ 2.7 ಕೋಟಿ ಡಾಲರ್ ಪರಿಹಾರ ಕೊಡ್ತು. ಆಮೇಲೆ ನೂರಾರು ಪೊಲೀಸರು ಕೆಲ್ಸ ಬಿಟ್ರು, ಸಿಬ್ಬಂದಿ ಕೊರತೆ ಅಂತ ಊರೇ ಒದ್ದಾಡ್ತು. ಒಬ್ಬನ ಮೇಲಿನ ದೂರನ್ನ ಸರಿಯಾಗಿ ನೋಡಿದ್ರೆ ಆ ನೂರಾರು ಜನ ಉಳ್ಕೋತಿದ್ರಲ್ವಾ? "ಹೊಣೆ ಹೊರಿಸಿದ್ರೆ ಪೊಲೀಸರ ಸ್ಥೈರ್ಯ ಕುಗ್ಗತ್ತೆ" ಅನ್ನೋರಿಗೆ ನನ್ನ ಪ್ರಶ್ನೆ ಇದೇ, ಹೊರಿಸ್ದೇ ಇದ್ದಾಗ ಏನಾಯ್ತು ನೋಡಿದ್ರಲ್ಲ.

ನಮ್ಮ ದೇಶದಲ್ಲೂ ಸುಪ್ರೀಂ ಕೋರ್ಟ್ 2006ರಲ್ಲಿ ಪೊಲೀಸ್ ಸುಧಾರಣೆ ಬಗ್ಗೆ ಇದ್ದ ಪ್ರಕಾಶ್ ಸಿಂಗ್ ಕೇಸಲ್ಲಿ ರಾಜ್ಯಕ್ಕೊಂದು, ಜಿಲ್ಲೆಗೊಂದು ಪೊಲೀಸ್ ದೂರು ಪ್ರಾಧಿಕಾರ ಮಾಡಿ ಅಂದಿತ್ತು. ಎಷ್ಟೋ ಕಡೆ ಅದಕ್ಕೆ ಆಫೀಸೂ ಇಲ್ಲ, ಸ್ಟಾಫೂ ಇಲ್ಲ, ಅಂದ್ರೆ ದೂರು ಕೇಳೋರಿಗೂ ಸಿಬ್ಬಂದಿ ಕೊರತೆ. ಈ ಕೊರತೆ ಬಗ್ಗೆ ಮಾತ್ರ ಯಾರೂ ಗಂಟಲು ಹರ್ಕೊಳ್ಳಲ್ಲ.

ನನಗೆ ಸಿಟ್ಟು ಬರ್ಸೋದು ಪರಿಹಾರದ ದುಡ್ಡು ಎಲ್ಲಿಂದ ಬರತ್ತೆ ಅನ್ನೋದು. ಸಾಮಾನ್ಯವಾಗಿ ಊರಿನ ಅಥವಾ ಸರ್ಕಾರದ ಒಟ್ಟು ಖಜಾನೆಯಿಂದ, ಪೊಲೀಸ್ ಇಲಾಖೆಯ ಬಾಬ್ತಲ್ಲಿ ಅದು ಕಾಣೋದೇ ಇಲ್ಲ. ತಪ್ಪು ಮಾಡಿದ್ದು ಠಾಣೆ, ಕಟ್ಟೋದು ನೀರಿಗೆ ರಸ್ತೆಗೆ ಅಂತ ತೆರಿಗೆ ಕೊಟ್ಟೋರು, ಮೇಲಧಿಕಾರಿಗೆ ಬಿಸಿ ಮುಟ್ಟಲ್ಲ. ಅದನ್ನ ಇಲಾಖೆ ಬಜೆಟ್ಟಲ್ಲೇ ತೋರಿಸ್ಲಿ, ಯಾವ ಠಾಣೆಯಿಂದ ಎಷ್ಟು ಹೋಯ್ತು ಅಂತ ವರ್ಷ ವರ್ಷ ಹಾಕ್ಲಿ. "ಹಾಗೆ ಮಾಡಿದ್ರೆ ನೇಮಕಾತಿ ದುಡ್ಡೂ ಹೋಗತ್ತಲ್ಲ" ಅಂತೀರ, ನ್ಯಾಯವಾದ ಮಾತೇ, ಅದಕ್ಕೇ ಸಂಬಳದ ದುಡ್ಡು ಮುಟ್ಟದ ಹಾಗೆ ಪರಿಹಾರಕ್ಕೇ ಅಂತ ಬಜೆಟ್ಟಲ್ಲಿ ಬೇರೆ ಬಾಬ್ತು ಇಡ್ಬೇಕು, ಖರ್ಚು ಅದನ್ನ ಮೀರಿದ್ರೆ ಪೊಲೀಸ್ ಮುಖ್ಯಸ್ಥರು ನಗರದ ಕೌನ್ಸಿಲ್ ಮುಂದೆ ಬಂದು ಕಾರಣ ಹೇಳ್ಬೇಕು. ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ 2020ರ ಕಾನೂನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ, ತಾನು ಮಾಡ್ತಿರೋದು ಕಾನೂನುಬದ್ಧ ಅನ್ನೋ ಪ್ರಾಮಾಣಿಕ ನಂಬಿಕೆ ಇಲ್ದೇ ಮಾಡಿದ್ದು ಅಂತಾದ್ರೆ ಆ ಪೊಲೀಸ್ ಪರಿಹಾರದ 5% ಅಥವಾ 25,000 ಡಾಲರ್, ಯಾವ್ದು ಕಡಿಮೆನೋ ಅದನ್ನ ಸ್ವಂತ ಜೇಬಿಂದ ಕಟ್ಬೇಕು. ಅದೇನು ಮನೆ ಮುಳುಗೋ ದುಡ್ಡಲ್ಲ, ಆದ್ರೆ ಕೈ ಎತ್ತೋ ಮುಂಚೆ ನೆನಪಾಗೋಷ್ಟಿದೆ.