ಪ್ಯಾಸೇಜಿನಲ್ಲೇ ಎಲ್ಲಾ ಇದೆ ಅನ್ನೋದು ಅರ್ಧ ಸತ್ಯ

ಎಂಬಿಎಯಂಥ ಕೋರ್ಸುಗಳ ಪ್ರವೇಶ ಪರೀಕ್ಷೆ ಜಿಮ್ಯಾಟ್‌ಗೆ ತಯಾರಿ ಮಾಡುವವರು, ಅದರಲ್ಲಿ ಪ್ಯಾಸೇಜ್ (ಗದ್ಯಭಾಗ) ಓದಿ ಉತ್ತರಿಸುವ ಭಾಗದ ಬಗ್ಗೆ ಪದೇಪದೇ ಕೇಳುವ ಪ್ರಶ್ನೆ ಇದು: "ರೀಡಿಂಗ್ ಕಾಂಪ್ರಹೆನ್ಷನ್‌ಗೆ ಬಿಸಿನೆಸ್, ಸೈನ್ಸ್ ಬಗ್ಗೆ ಏನೇನು ಓದಬೇಕು? ಒಂದು ಲಿಸ್ಟ್ ಕೊಡಿ." ಎಂಜಿನಿಯರಿಂಗ್ ಓದಿದವರಿಗೆ ಮಾರುಕಟ್ಟೆ, ಮ್ಯಾನೇಜರು, ಷೇರುದಾರರು ಅಂತ ಪ್ಯಾಸೇಜ್ ಶುರುವಾದರೆ ಆಕಳಿಕೆ. ಕಾಮರ್ಸ್ ಓದಿದವರಿಗೆ ಎರಡನೇ ಸಾಲಿನಲ್ಲೇ ಕಿಣ್ವ, ಐಸೊಟೋಪ್ ಕಂಡರೆ ಎದೆ ಢವಢವ.

ಸಿಗುವ ಉತ್ತರ ಎರಡೇ ಥರ. ಒಂದು, "ಏನೂ ಓದಬೇಡಿ, ಉತ್ತರ ಎಲ್ಲಾ ಪ್ಯಾಸೇಜಿನಲ್ಲೇ ಇರುತ್ತೆ." ಇನ್ನೊಂದು, ಮೂವತ್ತು ನಲವತ್ತು ಲಿಂಕುಗಳ ಉದ್ದನೆಯ ಪಟ್ಟಿ. ಅದನ್ನು ಎಲ್ಲರೂ ಸೇವ್ ಮಾಡಿಕೊಳ್ಳುತ್ತಾರೆ, ಯಾರೂ ಓದುವುದಿಲ್ಲ. ನನಗೆ ಎರಡೂ ಸರಿ ಅನ್ನಿಸುವುದಿಲ್ಲ.

ಮೊದಲನೆಯದನ್ನೇ ನೋಡೋಣ. ಪರೀಕ್ಷೆ ನಡೆಸುವವರೂ ಹೇಳುವುದು ಇದನ್ನೇ: ಹೊರಗಿನ ವಿಷಯಜ್ಞಾನ ಬೇಕಿಲ್ಲ. ನಿಜ, ಉತ್ತರ ಗುರುತಿಸಲು ಬೇಕಿಲ್ಲ. ಆದರೆ ಉತ್ತರ ಗುರುತಿಸುವ ಮೊದಲು ಪ್ಯಾಸೇಜನ್ನು ಓದಿ ತಲೆಯಲ್ಲಿ ಇಟ್ಟುಕೊಳ್ಳಬೇಕಲ್ವಾ? ಅಲ್ಲಿ ಹಿನ್ನೆಲೆ ಬೇಕಾಗುತ್ತದೆ.

1988ರಲ್ಲಿ ಡೋನಾ ರೆಕ್ಟ್ ಮತ್ತು ಲಾರೆನ್ ಲೆಸ್ಲಿ ಅಮೆರಿಕದ ಶಾಲಾ ಮಕ್ಕಳ ಮೇಲೆ ನಡೆಸಿದ ಒಂದು ಅಧ್ಯಯನ ಪ್ರಕಟಿಸಿದರು. 64 ಮಕ್ಕಳು. ಓದುವುದರಲ್ಲಿ ಜಾಣರು ಅರ್ಧ, ಹಿಂದುಳಿದವರು ಅರ್ಧ. ಎರಡೂ ಗುಂಪಿನಲ್ಲಿ ಬೇಸ್‌ಬಾಲ್ ಚೆನ್ನಾಗಿ ಗೊತ್ತಿದ್ದವರೂ ಇದ್ದರು, ಅಷ್ಟಾಗಿ ಗೊತ್ತಿಲ್ಲದವರೂ ಇದ್ದರು. ಎಲ್ಲರಿಗೂ ಒಂದು ಬೇಸ್‌ಬಾಲ್ ಆಟದ ವಿವರಣೆ ಓದಲು ಕೊಟ್ಟರು. ಓದಿದ್ದನ್ನು ಮೈದಾನದ ಪುಟ್ಟ ಮಾದರಿಯ ಮೇಲೆ ಗೊಂಬೆಗಳನ್ನು ನಡೆಸಿ ತೋರಿಸಬೇಕಿತ್ತು. ಓದಿನಲ್ಲಿ ಹಿಂದಿದ್ದರೂ ಬೇಸ್‌ಬಾಲ್ ಗೊತ್ತಿದ್ದ ಮಕ್ಕಳು, ಓದಿನಲ್ಲಿ ಮುಂದಿದ್ದು ಆಟ ಗೊತ್ತಿಲ್ಲದ ಮಕ್ಕಳಿಗಿಂತ ಚೆನ್ನಾಗಿ ಮಾಡಿದರು.

ಮಕ್ಕಳ ಅಧ್ಯಯನವನ್ನು ಹಾಗೇ ತಂದು ಜಿಮ್ಯಾಟ್‌ಗೆ ಅಂಟಿಸಲು ಆಗುವುದಿಲ್ಲ, ಒಪ್ಪುತ್ತೇನೆ. ಪರೀಕ್ಷೆಯ ಪ್ಯಾಸೇಜು ಕಷ್ಟದ ಪದಗಳನ್ನು ಅಲ್ಲಲ್ಲೇ ಬಿಡಿಸಿ ಹೇಳುತ್ತದೆ. ಆದರೂ ಗಡಿಯಾರ ಓಡುತ್ತಿರುತ್ತದೆ. 2023ರ ಕೊನೆಯಲ್ಲಿ ಬಂದ ಹೊಸ ಮಾದರಿಯಲ್ಲಿ ವರ್ಬಲ್ (ಭಾಷೆಯ) ವಿಭಾಗಕ್ಕೆ 45 ನಿಮಿಷ, 23 ಪ್ರಶ್ನೆ. ವ್ಯಾಕರಣದ ಸೆಂಟೆನ್ಸ್ ಕರೆಕ್ಷನ್ ಹೋಯಿತು. ಉಳಿದಿದ್ದು ಓದುವುದು ಮತ್ತು ವಾದವನ್ನು ಅಳೆಯುವುದು (ಕ್ರಿಟಿಕಲ್ ರೀಸನಿಂಗ್), ಅಷ್ಟೇ. ಒಂದು ಪ್ರಶ್ನೆಗೆ ಎರಡು ನಿಮಿಷ ಕೂಡ ಪೂರ್ತಿ ಇಲ್ಲ, ಅದರಲ್ಲೇ ಪ್ಯಾಸೇಜ್ ಓದುವ ಸಮಯವೂ ಸೇರಿತು. "ಸ್ಥಿರ ವೆಚ್ಚ" (ಎಷ್ಟು ತಯಾರಿಸಿದರೂ ಬದಲಾಗದ ಖರ್ಚು) ಅಂದರೇನು ಅಂತ ಮೊದಲೇ ಗೊತ್ತಿದ್ದವರು ಆ ಸಾಲನ್ನು ದಾಟಿ ಮುಂದೆ ಹೋಗಿರುತ್ತಾರೆ. ಗೊತ್ತಿಲ್ಲದವರು ಅಲ್ಲೇ ಮೂರು ಸಲ ಓದುತ್ತಾ ನಿಂತಿರುತ್ತಾರೆ.

ಹಾಗಾದರೆ ಏನು ಓದಬೇಕು? ನನ್ನ ಅಭಿಪ್ರಾಯದಲ್ಲಿ ಮಾಹಿತಿ ಅಲ್ಲ, ಜಗಳ. ವಿಜ್ಞಾನದಲ್ಲೂ ಅರ್ಥಶಾಸ್ತ್ರದಲ್ಲೂ ಯಾರು ಯಾರ ಮಾತನ್ನು ಯಾಕೆ ಒಪ್ಪಲಿಲ್ಲ ಅನ್ನುವ ಕಥೆಗಳು. ಯಾಕಂದರೆ ಪ್ಯಾಸೇಜುಗಳನ್ನು ಕಟ್ಟುವುದೇ ಹಾಗೆ. ಹಳೆಯ ವಿವರಣೆ ಒಂದಿರುತ್ತದೆ. ಅದಕ್ಕೆ ಹೊಂದದ ಒಂದು ಸಂಗತಿ ಸಿಗುತ್ತದೆ. ಹೊಸಬರೊಬ್ಬರು ಬೇರೆ ವಿವರಣೆ ಕೊಡುತ್ತಾರೆ. ಕೊನೆಯ ಪ್ಯಾರಾದಲ್ಲಿ "ಆದರೆ" ಅಂತ ಬಂದು ಅದಕ್ಕೂ ಒಂದು ಮಿತಿ ಹಾಕುತ್ತದೆ.

ಜರ್ಮನ್ ವಿಜ್ಞಾನಿ ಆಲ್ಫ್ರೆಡ್ ವೆಗನರ್ ಕಥೆ ತಗೊಳ್ಳಿ. ಖಂಡಗಳು ಒಂದು ಕಾಲದಲ್ಲಿ ಕೂಡಿಕೊಂಡಿದ್ದವು, ಆಮೇಲೆ ಸರಿದು ದೂರವಾದವು ಎಂದು ಅವರು 1912ರಲ್ಲಿ ಹೇಳಿದರು. ಸಾಕ್ಷಿ ಚೆನ್ನಾಗೇ ಇತ್ತು. ದಕ್ಷಿಣ ಅಮೆರಿಕ ಮತ್ತು ಆಫ್ರಿಕಾದ ಅಂಚುಗಳು ಹೊಂದುತ್ತಿದ್ದವು. ಸಾಗರ ದಾಟಲಾರದ ಮೆಸೊಸಾರಸ್ ಎಂಬ ಸರೀಸೃಪದ ಪಳೆಯುಳಿಕೆ ಎರಡೂ ಕಡೆ ಸಿಕ್ಕಿತ್ತು. ಆದರೂ ಬಹುಪಾಲು ಭೂವಿಜ್ಞಾನಿಗಳು ಒಪ್ಪಲಿಲ್ಲ. ಅಷ್ಟು ದೊಡ್ಡ ಖಂಡವನ್ನು ತಳ್ಳುವ ಬಲ ಯಾವುದು ಎಂಬ ಪ್ರಶ್ನೆಗೆ ವೆಗನರ್ ಹತ್ತಿರ ಗಟ್ಟಿ ಉತ್ತರ ಇರಲಿಲ್ಲ. ಅವರು ಸೂಚಿಸಿದ ಬಲಗಳು ತೀರಾ ದುರ್ಬಲ ಎಂದು ವಿರೋಧಿಗಳು ಲೆಕ್ಕ ಹಾಕಿ ತೋರಿಸಿದರು. 1930ರಲ್ಲಿ ಗ್ರೀನ್‌ಲ್ಯಾಂಡಿನಲ್ಲಿ ಅವರು ತೀರಿಕೊಂಡಾಗಲೂ ವಾದ ಗೆದ್ದಿರಲಿಲ್ಲ. 1963ರಲ್ಲಿ ಫ್ರೆಡ್ ವೈನ್ ಮತ್ತು ಡ್ರಮಂಡ್ ಮ್ಯಾಥ್ಯೂಸ್ ಸಾಗರತಳದ ಕಾಂತೀಯ ಪಟ್ಟಿಗಳಿಗೆ (ಬಂಡೆಯಲ್ಲಿ ಅಚ್ಚಾದ ಕಾಂತತ್ವದ ದಿಕ್ಕು ಪಟ್ಟಿಪಟ್ಟಿಯಾಗಿ ಬದಲಾಗುವುದಕ್ಕೆ) ವಿವರಣೆ ಕೊಟ್ಟರು. ಸಾಗರದ ನಡುವೆ ನೀರಡಿಯಲ್ಲಿರುವ ಬೆಟ್ಟಸಾಲಿನ ಎರಡೂ ಬದಿಗೆ ಒಂದೇ ಥರದ ಪಟ್ಟಿಗಳು ಯಾಕೆ? ಹೊಸ ನೆಲ ನಡುವಿನಲ್ಲಿ ಹುಟ್ಟಿ ಎರಡೂ ಕಡೆಗೆ ಸರಿಯುತ್ತಿರುವುದರಿಂದ. ಆಮೇಲೆ ಕೆಲವೇ ವರ್ಷದಲ್ಲಿ ಚಿತ್ರ ತಿರುಗಿಬಿಟ್ಟಿತು.

ಈ ಕಥೆ ಒಮ್ಮೆ ಸರಿಯಾಗಿ ಓದಿದವರಿಗೆ, ಸಾಕ್ಷಿ ಇದ್ದರೂ ಕಾರಣದ ಕೊಂಡಿ ಇಲ್ಲದಿದ್ದರೆ ವಾದ ನಿಲ್ಲುವುದು ಕಷ್ಟ ಅನ್ನುವುದು ಮನಸ್ಸಿಗೆ ಇಳಿದಿರುತ್ತದೆ. ಆಮೇಲೆ ಜೀರುಂಡೆಗಳ ಬಗ್ಗೆ ಪ್ಯಾಸೇಜ್ ಬಂದರೂ ಅದೇ ಜಾಗದಲ್ಲಿ ಕಣ್ಣು ನಿಲ್ಲುತ್ತದೆ. ಹೊಟ್ಟೆಹುಣ್ಣಿಗೆ ಬ್ಯಾಕ್ಟೀರಿಯಾ ಕಾರಣ ಎಂದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್ ಕಥೆಯೂ ಇದೇ ಜಾತಿಯದು. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾವನ್ನು ತಾವೇ ಕುಡಿದು ಕಾಯಿಲೆ ಬರಿಸಿಕೊಂಡರು. ಇಬ್ಬರಿಗೂ 2005ರಲ್ಲಿ ನೊಬೆಲ್ ಬಂತು. ಕುಡಿದ ವಿಷಯ ಎಲ್ಲರಿಗೂ ನೆನಪಿರುತ್ತದೆ. ಪರೀಕ್ಷೆಗೆ ಬೇಕಾದದ್ದು ಬೇರೆ: ಹುಣ್ಣಿದ್ದವರಲ್ಲಿ ಬ್ಯಾಕ್ಟೀರಿಯಾ ಕಂಡಿತು ಅಂದ ಮಾತ್ರಕ್ಕೆ ಅದೇ ಕಾರಣ ಅಂತ ಯಾಕೆ ಹೇಳಲಾಗುತ್ತಿರಲಿಲ್ಲ?

ಬಿಸಿನೆಸ್ ಓದಿನ ವಿಷಯದಲ್ಲಿ ಇನ್ನೂ ಜಾಸ್ತಿ ಸಮಯ ಹಾಳಾಗುತ್ತದೆ. ಜನ ವ್ಯಾಪಾರದ ಸುದ್ದಿ ಓದುತ್ತಾರೆ. ಯಾವ ಕಂಪನಿಯ ಲಾಭ ಎಷ್ಟು, ಯಾರು ಯಾರನ್ನು ಕೊಂಡರು, ಷೇರು ಎಷ್ಟು ಬಿತ್ತು. ಇದರಿಂದ ಪರೀಕ್ಷೆಗೆ ಏನೂ ಉಪಯೋಗವಿಲ್ಲ. ಬೇಕಾಗಿರುವುದು ಹತ್ತು ಹನ್ನೆರಡು ಪರಿಕಲ್ಪನೆ. ಸ್ಥಿರ ವೆಚ್ಚ, ಇನ್ನೊಂದು ವಸ್ತು ತಯಾರಿಸಿದರೆ ಆಗುವ ಹೆಚ್ಚುವರಿ ವೆಚ್ಚ, ಒಂದನ್ನು ಆರಿಸಿದಾಗ ಕೈಬಿಟ್ಟ ಇನ್ನೊಂದರ ಬೆಲೆ, ಮಾಲೀಕರ ಹಿತ ಒಂದಾದರೆ ಮ್ಯಾನೇಜರ ಹಿತ ಇನ್ನೊಂದು ಆಗುವ ತೊಂದರೆ. ಇಂಥವು.

ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆ ಬಗ್ಗೆ ಬರೆದ ಲೇಖನದ ವಾದ ನನಗೆ ತುಂಬಾ ಇಷ್ಟ. ಮಾರುವವರಿಗೆ ತಮ್ಮ ಕಾರು ಹೇಗಿದೆ ಅಂತ ಗೊತ್ತು. ಕೊಳ್ಳುವವರಿಗೆ ಗೊತ್ತಿಲ್ಲ. ಹಾಗಾಗಿ ಕೊಳ್ಳುವವರು ಒಳ್ಳೆಯದಕ್ಕೂ ಕೆಟ್ಟದಕ್ಕೂ ನಡುವಿನ ಒಂದು ಬೆಲೆ ಹೇಳುತ್ತಾರೆ. ಆ ಬೆಲೆಗೆ ಒಳ್ಳೆಯ ಕಾರಿನ ಮಾಲೀಕರು ಮಾರಲು ಒಪ್ಪುವುದಿಲ್ಲ, ಹಿಂದೆ ಸರಿಯುತ್ತಾರೆ. ಈಗ ಉಳಿದ ಕಾರುಗಳ ಸರಾಸರಿ ಗುಣಮಟ್ಟ ಇಳಿಯಿತು. ಕೊಳ್ಳುವವರೂ ಬೆಲೆ ಇಳಿಸುತ್ತಾರೆ. ಇನ್ನಷ್ಟು ಜನ ಸರಿಯುತ್ತಾರೆ. ಹೀಗೇ ಹೋದರೆ ಮಾರುಕಟ್ಟೆಯೇ ಕುಸಿಯಬಹುದು, ಯಾರೂ ಮೋಸ ಮಾಡಲು ಹೊರಡದಿದ್ದರೂ. ಮೂರು ಸಂಶೋಧನಾ ಪತ್ರಿಕೆಗಳು ಈ ಲೇಖನವನ್ನು ತಿರಸ್ಕರಿಸಿದ್ದವು. 2001ರಲ್ಲಿ ಅಕರ್ಲಾಫ್‌ಗೆ ನೊಬೆಲ್ ಸಿಕ್ಕಿತು.

ಇದೊಂದು ಅರ್ಥವಾದರೆ ವಿಮೆ, ವಾರಂಟಿ, ಬ್ರ್ಯಾಂಡ್, ನೇಮಕಾತಿ ಎಲ್ಲದರ ಪ್ಯಾಸೇಜೂ ಹಗುರವಾಗುತ್ತದೆ. ಇದರ ಜೊತೆಗೆ ಇನ್ನೊಬ್ಬ ಅರ್ಥಶಾಸ್ತ್ರಜ್ಞ ರೊನಾಲ್ಡ್ ಕೋಸ್ 1937ರಲ್ಲಿ ಎತ್ತಿದ ಪ್ರಶ್ನೆ ಓದಿ: ಮಾರುಕಟ್ಟೆಯಲ್ಲಿ ಎಲ್ಲವನ್ನೂ ಕೊಳ್ಳಬಹುದಾದರೆ ಕಂಪನಿಗಳಾದರೂ ಯಾಕಿವೆ? ಆಮೇಲೆ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ 1865ರಲ್ಲಿ ಕಲ್ಲಿದ್ದಲಿನ ಬಗ್ಗೆ ಹೇಳಿದ್ದು: ಎಂಜಿನ್ ಕಡಿಮೆ ಇದ್ದಲಿನಲ್ಲಿ ಓಡುವಂತಾದರೆ ಒಟ್ಟು ಬಳಕೆ ಇಳಿಯುವ ಬದಲು ಏರಬಹುದು. ಕ್ರಿಟಿಕಲ್ ರೀಸನಿಂಗ್ ಪ್ರಶ್ನೆಗಳಲ್ಲಿ ಈ ತಿರುವು ಬೇರೆ ಬೇರೆ ವೇಷದಲ್ಲಿ ಬರುತ್ತಲೇ ಇರುತ್ತದೆ.

ಪತ್ರಿಕೆಗಳ ಬಗ್ಗೆ ಒಂದು ಮಾತು. ಎಲ್ಲರೂ ಎಕಾನಮಿಸ್ಟ್ ಓದಿ ಅನ್ನುತ್ತಾರೆ. ಓದಿ, ಬೇಡ ಅನ್ನುವುದಿಲ್ಲ. ಆದರೆ ಅದರ ಬರವಣಿಗೆ ಚುರುಕು, ತಮಾಷೆ ಬೇರೆ ಇರುತ್ತದೆ. ಜಿಮ್ಯಾಟ್ ಪ್ಯಾಸೇಜ್ ಯಾರನ್ನೂ ನಗಿಸುವುದಿಲ್ಲ. 350 ಪದದೊಳಗೆ ಮೂವರ ಅಭಿಪ್ರಾಯ, ಎರಡು "ಆದಾಗ್ಯೂ", ಒಂದು ಅಧ್ಯಯನ ತುರುಕಿರುತ್ತಾರೆ. ಆ ಥರದ ಗಟ್ಟಿ ಗದ್ಯ ಬೇಕಾದರೆ ಸಂಶೋಧನಾ ಲೇಖನಗಳ ಪೀಠಿಕೆ ಓದಿ. ಮೊದಲ ಎರಡು ಪುಟ ಸಾಕು. ಇಲ್ಲಿಯವರೆಗೆ ಯಾರು ಏನು ಹೇಳಿದ್ದಾರೆ, ಅದರಲ್ಲಿ ಏನು ಕೊರತೆ, ನಾವು ಏನು ಮಾಡಿದೆವು ಅನ್ನುವುದೆಲ್ಲ ಅಲ್ಲೇ ಇರುತ್ತದೆ. ಇಂಗ್ಲಿಷ್ ಭಾರ ಅನ್ನಿಸುವವರು ಪರಿಕಲ್ಪನೆಯನ್ನು ಮೊದಲು ಕನ್ನಡದಲ್ಲಿ ಓದಿಕೊಂಡರೂ ಏನೂ ನಷ್ಟವಿಲ್ಲ. ಅರ್ಥವಾಗಿರುವ ವಿಷಯದ ಇಂಗ್ಲಿಷ್ ಬೇಗ ಕೈಗೆ ಹತ್ತುತ್ತದೆ.

ಈಗ ಹಿನ್ನೆಲೆ ಓದಿನ ಅಪಾಯ. ಇದನ್ನು ಯಾರೂ ಹೇಳುವುದಿಲ್ಲ, ಆದ್ದರಿಂದ ಒಂದು ಉದಾಹರಣೆಯನ್ನೇ ಬಿಡಿಸಿ ತೋರಿಸುತ್ತೇನೆ. ರಾಬರ್ಟ್ ಪೇನ್ ಎಂಬ ಪರಿಸರ ವಿಜ್ಞಾನಿ 1960ರ ದಶಕದಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಕಡಲತೀರದಲ್ಲಿ ಮಾಡಿದ ಪ್ರಯೋಗದ ಮೇಲೆ ಒಂದು ಪುಟ್ಟ ಪ್ಯಾಸೇಜ್ ಕಟ್ಟೋಣ:

"ಪೇನ್ ಬಂಡೆಯ ತೀರದ ಒಂದು ಭಾಗದಿಂದ ನಕ್ಷತ್ರಮೀನುಗಳನ್ನು ತೆಗೆದುಹಾಕುತ್ತಾ ಹೋದರು, ಪಕ್ಕದ ಭಾಗವನ್ನು ಹಾಗೇ ಬಿಟ್ಟರು. ತೆಗೆದ ಕಡೆ ಕಪ್ಪೆಚಿಪ್ಪುಗಳು ಜಾಗವನ್ನೆಲ್ಲ ಆಕ್ರಮಿಸಿದವು, ಜೀವಜಾತಿಗಳ ಸಂಖ್ಯೆ 15ರಿಂದ 8ಕ್ಕೆ ಇಳಿಯಿತು. ಆದರೆ ಅಲೆಗಳ ಹೊಡೆತ ಕಡಿಮೆ ಇರುವ ತೀರಗಳಲ್ಲಿ ನಕ್ಷತ್ರಮೀನಿನ ಪ್ರಭಾವ ಅಷ್ಟು ಬಲವಾಗಿ ಕಾಣಲಿಲ್ಲ ಎಂದು ನಂತರದ ಸಂಶೋಧಕರು ತೋರಿಸಿದರು."

ಪ್ರಶ್ನೆ: ಅಲೆ ಕಡಿಮೆ ಇರುವ ತೀರಗಳನ್ನು ಲೇಖಕರು ಯಾಕೆ ತಂದರು? ಮೊದಲ ಆಯ್ಕೆ: ತನ್ನ ಸಂಖ್ಯೆಗೆ ಮೀರಿದ ಪ್ರಭಾವ ಬೀರುವ ಜೀವಿ ಇರುತ್ತದೆ ಎಂದು ತೋರಿಸಲು. ಎರಡನೆಯದು: ಪೇನ್ ಪ್ರಯೋಗ ತಪ್ಪು ಎಂದು ತೋರಿಸಲು. ಮೂರನೆಯದು: ಪೇನ್ ಕಂಡ ಫಲಿತಾಂಶ ಎಲ್ಲ ಕಡೆಗೂ ಅಷ್ಟೇ ಬಲವಾಗಿ ಅನ್ವಯಿಸದಿರಬಹುದು ಎಂದು ಸೂಚಿಸಲು.

ಪರಿಸರ ವಿಜ್ಞಾನ ಓದಿದವರ ಕೈ ಮೊದಲನೆಯದರ ಕಡೆ ಹೋಗುತ್ತದೆ. ಪೇನ್ ಹೆಸರು ಕಂಡ ತಕ್ಷಣ ಕೀಸ್ಟೋನ್ ಪ್ರಭೇದದ ವ್ಯಾಖ್ಯಾನ ನೆನಪಾಗುತ್ತದೆ, ಆ ಆಯ್ಕೆಯಲ್ಲಿ ಇರುವುದೂ ಅದೇ. ಹೊರಗಿನ ಜಗತ್ತಿನಲ್ಲಿ ಅದು ನಿಜ ಕೂಡ. ಆದರೆ ಆ ವಾಕ್ಯ ಅಲ್ಲಿ ಬಂದದ್ದು ಆ ಕೆಲಸಕ್ಕಲ್ಲ. ಎರಡನೆಯದು ವಿಪರೀತಕ್ಕೆ ಹೋಯಿತು. ಪ್ರಭಾವ ಅಷ್ಟು ಬಲವಾಗಿ ಕಾಣಲಿಲ್ಲ ಅಂದರು, ಪ್ರಯೋಗವೇ ತಪ್ಪು ಅನ್ನಲಿಲ್ಲ. ಮೂರನೆಯದೇ ಉತ್ತರ. ವಿಷಯ ಏನೂ ಗೊತ್ತಿಲ್ಲದವರು ಇಂಥ ಕಡೆ ಎಷ್ಟೋ ಸಲ ಸರಿಯಾಗಿ ಹೊಡೆಯುತ್ತಾರೆ, ಅವರ ಹತ್ತಿರ ಪ್ಯಾಸೇಜ್ ಬಿಟ್ಟು ಬೇರೇನೂ ಇಲ್ಲವಲ್ಲ.

ಅದಕ್ಕೇ ದಿನಕ್ಕೆ ಒಂದೇ ಲೇಖನ ಓದಿ, ಆದರೆ ಪ್ರತಿ ಪ್ಯಾರಾ ಮುಗಿದಾಗ ನಿಲ್ಲಿ. "ಇದು ಏನು ಹೇಳಿತು" ಅನ್ನುವುದು ಬೇಡ, "ಇದು ಇಲ್ಲಿ ಯಾಕೆ ಬಂತು" ಅಂತ ಕೇಳಿಕೊಳ್ಳಿ. ಕೊನೆಗೆ ಲೇಖನ ಮುಚ್ಚಿಟ್ಟು ಎರಡು ವಾಕ್ಯದಲ್ಲಿ ವಾದ ಬರೆಯಿರಿ. ಸುಮ್ನೆ ಸ್ಕ್ರೋಲ್ ಮಾಡುತ್ತಾ ಐದು ಲೇಖನ ಮುಗಿಸುವುದಕ್ಕಿಂತ ಇದು ನಿಧಾನ, ಬೇಜಾರು ಕೂಡ. ಕೊನೆಯ ಎರಡು ಮೂರು ವಾರ ಇದನ್ನೂ ನಿಲ್ಲಿಸಿ, ಅಧಿಕೃತ ಪ್ರಶ್ನೆಗಳ ಮೇಲೆ ಮಾತ್ರ ಕೂರಿ.

ಇನ್ನೊಂದು. ನಿಮಗೆ ಹಿನ್ನೆಲೆ ಓದು ಬೇಕಾ ಇಲ್ಲವಾ ಅನ್ನುವುದನ್ನೇ ಮೊದಲು ನೋಡಿಕೊಳ್ಳಿ. ಗಡಿಯಾರ ಇಲ್ಲದೆ ಕೆಲವು ಪ್ಯಾಸೇಜ್ ಮಾಡಿ. ಬಿಸಿನೆಸ್ ಸರಿಯಾಗಿ ಸೈನ್ಸ್ ಮಾತ್ರ ತಪ್ಪಿದರೆ, ಅಥವಾ ಅದು ಉಲ್ಟಾ ಆದರೆ, ಮೇಲೆ ಹೇಳಿದ ಓದು ಕೆಲಸಕ್ಕೆ ಬರುತ್ತದೆ. ಎಲ್ಲವೂ ಸರಿಯಾದರೆ ನಿಮ್ಮ ಸಮಸ್ಯೆ ವೇಗ ಮಾತ್ರ, ಪರಿಚಯವಿಲ್ಲದ ವಿಷಯದಲ್ಲಿ ಜಾಸ್ತಿ ನಿಧಾನವಾಗುತ್ತಿದ್ದೀರಾ ಅಂತ ಗಡಿಯಾರ ಇಟ್ಟು ನೋಡಿ. ಎರಡರಲ್ಲೂ ಒಂದೇ ಥರದ ಪ್ರಶ್ನೆ, ಉದಾಹರಣೆಗೆ ಇನ್‌ಫರೆನ್ಸ್ (ಹೇಳಿದ್ದರಿಂದ ಏನು ಊಹಿಸಬಹುದು ಎಂಬುದು), ತಪ್ಪುತ್ತಿದ್ದರೆ ಯಾವ ಪತ್ರಿಕೆಯ ಚಂದಾ ಕಟ್ಟಿದರೂ ಪ್ರಯೋಜನವಿಲ್ಲ. ತಪ್ಪಿದ ಪ್ರಶ್ನೆಗಳನ್ನೇ ಮತ್ತೆ ತೆಗೆದು, ನೀವು ಆರಿಸಿದ ಆಯ್ಕೆಯ ಯಾವ ಪದ ಪ್ಯಾಸೇಜಿನಲ್ಲಿ ಇಲ್ಲ ಅಂತ ಬೆರಳಿಟ್ಟು ಹುಡುಕಿ.